ಪಾಪನಿವೇದನೆ ಆಯಿತು, ಮನಸ್ಸೇಕೆ ಹಗುರಾಗಲಿಲ್ಲ?

ಈಸ್ಟರಿಗೆ ಮುಂಚಿನ ತಪಸ್ಸುಕಾಲ, ಅಂದರೆ ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಂಡು ದೇವರ ಕ್ಷಮೆ ಪಡೆಯುವ ಪಾಪನಿವೇದನೆಯ ಕಾಲ, ಬಂತೆಂದರೆ ಚರ್ಚಿನ ಅಂಗಳದಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಪಾಪನಿವೇದನೆ ಮಾಡಿದೆ, ಫಾದರ್ ಕ್ಷಮೆಯನ್ನೂ ಕೊಟ್ಟರು, ಮನಸ್ಸು ಮಾತ್ರ ಹಗುರಾಗಲಿಲ್ಲ." ಹೀಗೆ ಹೇಳುವವರು ಭಕ್ತಿ ಕಡಿಮೆಯಾದವರೇನಲ್ಲ. ವಾರ ತಪ್ಪದೆ ಬಲಿಪೂಜೆಗೆ ಬರುವವರು, ಜಪಸರ ಕೈಬಿಡದವರು. ಆದರೂ ಇಪ್ಪತ್ತು, ಮೂವತ್ತು ವರ್ಷದ ಹಿಂದೆ ಮಾಡಿದ ಯಾವುದೋ ಒಂದು ಕೆಲಸ ಅವರನ್ನು ಬಿಟ್ಟಿರುವುದಿಲ್ಲ. "ದೇವರು ಕರುಣಾಮಯಿ, ಮರೆತುಬಿಡಿ" ಎಂದು ನಾವು ಸಮಾಧಾನ ಹೇಳುತ್ತೇವೆ. ಆ ಮಾತು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡಬೇಕು. ಹೇಳಬೇಕಾದ್ದನ್ನು ಹೇಳದೆ ಉಳಿಸಿಕೊಂಡಿರಬಹುದು. ಹೇಳಿಯೂ ಕೊಡಬೇಕಾದ್ದನ್ನು ಕೊಡದೆ ಇರಬಹುದು. ಎರಡೂ ಆಗಿ, ಮುಗಿದ ಲೆಕ್ಕದ ಪುಸ್ತಕವನ್ನು ದಿನಾ ತೆರೆದು ಕೂರುತ್ತಿರಬಹುದು. ಇವಕ್ಕೆಲ್ಲ ಮದ್ದು ಒಂದೇ ಅಲ್ಲ.

ಪಾಪವೇ ಅಲ್ಲದ್ದನ್ನು ಮೊದಲು ಬೇರೆ ಮಾಡಿ ಇಡಬೇಕು. 2020ರಲ್ಲಿ ಕೋವಿಡ್ ಬಂದಾಗ ದುಬೈ, ಕುವೈತ್‌ಗಳಲ್ಲಿದ್ದ ಕರಾವಳಿಯ ಎಷ್ಟೋ ಜನರಿಗೆ ಅಪ್ಪ ಅಮ್ಮನ ಮಣ್ಣಿಗೆ ಬರಲಾಗಲಿಲ್ಲ. ವಿಮಾನವೇ ಇರಲಿಲ್ಲ. ಇಂದಿಗೂ ಅದನ್ನು ಪಾಪವೆಂದು ಹೇಳಿಕೊಳ್ಳುವವರಿದ್ದಾರೆ. ಗಂಭೀರ ಪಾಪವಾಗಬೇಕಾದರೆ ವಿಷಯ ಗಂಭೀರವಾಗಿರಬೇಕು, ತಪ್ಪೆಂದು ಗೊತ್ತಿರಬೇಕು, ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿರಬೇಕು. ಕಥೋಲಿಕ ಧರ್ಮಸಭೆಯ ಬೋಧನೆ ಇದು. ಬರಬೇಕೆಂದಿದ್ದೂ ಬರಲಾಗದೆ ಹೋದವರಲ್ಲಿ ಈ ಕೊನೆಯದೇ ಇಲ್ಲ. ಅದು ದುಃಖ. ದುಃಖಕ್ಕೆ ಕ್ಷಮೆ ಕೇಳಿದರೆ ದುಃಖ ತೀರುವುದಿಲ್ಲ. ತಾಯಿಯ ಹೆಸರಿನಲ್ಲಿ ಬಲಿಪೂಜೆ ಹೇಳಿಸಿ, ಮೃತರನ್ನು ನೆನೆಯುವ ನವೆಂಬರ್ 2ರಂದು ಸಮಾಧಿಯ ಬಳಿ ಹೋಗಿ ನಿಂತು ಅಳುವುದು ಅದಕ್ಕೆ ಸರಿಯಾದ ದಾರಿ. ಊರಲ್ಲೇ ಇದ್ದು, ಅಪ್ಪ ಅಮ್ಮನ ಆಸ್ಪತ್ರೆಯ ಬಿಲ್ಲಿಗೆ ಹೆದರಿ ಎರಡು ತಿಂಗಳು ತಂಗಿಯ ಫೋನ್ ಎತ್ತದೆ ಇದ್ದವರ ಮಾತು ಬೇರೆ. ಅದನ್ನು ಹಾಗೆಂದೇ ಹೇಳಬೇಕು.

ಹೇಳುವ ಕ್ರಮ ಕಥೋಲಿಕರಿಗೆಲ್ಲ ಬಾಯಿಪಾಠ. ಶಿಲುಬೆಯ ಗುರುತು, ಕಳೆದ ಸಲ ಯಾವಾಗ ಬಂದದ್ದೆಂಬ ಮಾತು, ಪಾಪಗಳು, ಗುರುಗಳ ಬುದ್ಧಿಮಾತು, ಪ್ರಾಯಶ್ಚಿತ್ತ, ಪಶ್ಚಾತ್ತಾಪದ ಪ್ರಾರ್ಥನೆ, ಪಾಪವಿಮೋಚನೆ. ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಲೇಬೇಕೆಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವಿಧಿಸಿತು. ಗಂಭೀರ ಪಾಪಗಳ ಮಟ್ಟಿಗೆ ಇಂದಿಗೂ ಅದೇ ನಿಯಮ. ಜನ ಎಡವುವುದು ಕ್ರಮದಲ್ಲಲ್ಲ. "ಕೋಪ ಮಾಡಿಕೊಂಡೆ, ಸುಳ್ಳು ಹೇಳಿದೆ, ಪ್ರಾರ್ಥನೆ ತಪ್ಪಿಸಿದೆ, ಇನ್ನೂ ಏನೇನೋ ಇದೆ ಫಾದರ್" ಎಂದು ಒಂದೇ ಉಸಿರಿಗೆ ಮುಗಿಸುತ್ತಾರಲ್ಲ, ಆ "ಏನೇನೋ" ಒಳಗೇ ವರ್ಷಗಟ್ಟಲೆ ಕಾಡಿದ್ದು ಅಡಗಿ ಕೂತಿರುತ್ತದೆ. ನಿಯಮ ಕೇಳುವುದು ಎಂಥ ಪಾಪ, ಸುಮಾರು ಎಷ್ಟು ಸಲ ಎಂಬುದನ್ನು. "ಹಣದ ವಿಷಯದಲ್ಲಿ ಸ್ವಲ್ಪ ತಪ್ಪಾಗಿದೆ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. "ಸೊಸೈಟಿಯ ಲೆಕ್ಕ ಬರೆಯುತ್ತಿದ್ದಾಗ ಎರಡು ವರ್ಷ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ, ಒಟ್ಟು 20,000 ರೂಪಾಯಿಯಷ್ಟು ನಾನು ತೆಗೆದುಕೊಂಡೆ" ಎಂದರೆ ಹೇಳಿದ ಹಾಗಾಯಿತು. ಇದರಾಚೆಗೆ ವಿವರ ಬೇಡ. ಜೊತೆಯಲ್ಲಿದ್ದವರ ಹೆಸರು ಬೇಡ. ಮ್ಯಾನೇಜರ್ ಎಷ್ಟು ಕೆಟ್ಟವನಿದ್ದ ಎಂಬ ಕಥೆಯಂತೂ ಬೇಡವೇ ಬೇಡ, ಏಕೆಂದರೆ ಅಷ್ಟು ಹೊತ್ತಿಗೆ ನಾವು ಅವನ ಪಾಪ ಹೇಳುತ್ತಿರುತ್ತೇವೆ.

ಬೇಕೆಂದೇ ಗಂಭೀರ ಪಾಪವೊಂದನ್ನು ಮುಚ್ಚಿಟ್ಟರೆ ಅಂದಿನ ನಿವೇದನೆಯೇ ಊರ್ಜಿತವಾಗುವುದಿಲ್ಲ. ಮರೆತುಹೋಗಿದ್ದರೆ ಹಾಗಲ್ಲ. ಉಳಿದವುಗಳ ಜೊತೆ ಅದಕ್ಕೂ ಕ್ಷಮೆ ಸಿಕ್ಕಿರುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರೆ ಸಾಕು. ಈ ವ್ಯತ್ಯಾಸ ತಿಳಿಯದೆ ನರಳುವವರು ಬಹಳ. ಮುಚ್ಚಿಟ್ಟವರು ಮತ್ತೆ ಬರುವಾಗ ಮೊದಲ ವಾಕ್ಯದಲ್ಲೇ "ಹಿಂದೆ ಒಂದು ವಿಷಯ ಬೇಕೆಂದೇ ಹೇಳಿರಲಿಲ್ಲ, ಅಂದಿನಿಂದ ಇಷ್ಟು ವರ್ಷವಾಯಿತು" ಎಂದುಬಿಡಬೇಕು. ಅಷ್ಟಾದರೆ ಅರ್ಧ ಬಾಯಿ ಬಿಟ್ಟಂತೆ. ಉಳಿದದ್ದನ್ನು ಗುರುಗಳೇ ಒಂದೊಂದಾಗಿ ಕೇಳಿ ಹೊರತೆಗೆಸುತ್ತಾರೆ.

ಇಂಥ ಹಳೆಯ ಭಾರಕ್ಕೆ ಈಸ್ಟರಿನ ಹಿಂದಿನ ಪವಿತ್ರ ವಾರದ ಸಾಲು ತಕ್ಕ ಜಾಗವಲ್ಲ. ಹಿಂದೆ ನಲವತ್ತು ಜನ ನಿಂತಿರುತ್ತಾರೆ, ಗುರುಗಳಿಗೂ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಕೊಡಲಾಗುವುದಿಲ್ಲ. ಫೋನ್ ಮಾಡಿ, "ಅರ್ಧ ಗಂಟೆ ಬೇಕು ಫಾದರ್" ಎಂದು ಬೇರೆ ಸಮಯ ಕೇಳಿ. ಸ್ವಂತ ಧರ್ಮಕೇಂದ್ರದಲ್ಲಿ ಮುಜುಗರವಾದರೆ ಪಕ್ಕದ ಊರಿಗೆ, ಇಲ್ಲವೇ ಧ್ಯಾನಕೂಟ ನಡೆಸುವ ಮನೆಗೆ ಹೋಗಬಹುದು. ಜಾಲರಿಯ ಹಿಂದಿನಿಂದ ಮುಖ ತೋರಿಸದೆ ಮಾತಾಡುವ ಹಕ್ಕು ಧರ್ಮಸಭೆಯ ಕಾನೂನಿನಲ್ಲೇ ಇದೆ. ಪಟ್ಟಿ ಬರೆದುಕೊಂಡು ಹೋಗುವುದು ಒಳ್ಳೆಯದೇ, ಆದರೆ ಕಾಗದದಲ್ಲಿ ಬರೆಯಿರಿ. ಮೊಬೈಲಿನಲ್ಲಿ ಬರೆದದ್ದು ಎಲ್ಲೆಲ್ಲಿ ಉಳಿಯುತ್ತದೋ ಹೇಳಲಾಗದು. ಮುಗಿದ ಮೇಲೆ ಕಾಗದವನ್ನು ಸುಟ್ಟುಹಾಕಿ, ಜೋಪಾನವಾಗಿ ಇಟ್ಟುಕೊಳ್ಳಬೇಡಿ. ಕೇಳಿದ್ದನ್ನು ಗುರುಗಳು ಪೊಲೀಸರಿಗಾಗಲಿ, ಬಿಷಪರಿಗಾಗಲಿ ಹೇಳುವಂತಿಲ್ಲ. ನಮ್ಮ ಅನುಮತಿಯಿಲ್ಲದೆ ಹೊರಗೆ ನಮ್ಮ ಬಳಿಯೇ ಅದರ ಪ್ರಸ್ತಾಪ ಎತ್ತುವಂತಿಲ್ಲ. ನೇರವಾಗಿ ಬಾಯಿಬಿಟ್ಟ ಗುರುವಿಗೆ ತಾನೇ ತಾನಾಗಿ ಬಹಿಷ್ಕಾರದ ಶಿಕ್ಷೆ, ಅದನ್ನು ತೆಗೆಯುವ ಅಧಿಕಾರ ರೋಮಿನ ಪೋಪರ ಪೀಠದ್ದು.

ಗರ್ಭಪಾತದ ನೆನಪನ್ನು ಮೂವತ್ತು ವರ್ಷದಿಂದ ಎದೆಯಲ್ಲಿಟ್ಟುಕೊಂಡ ಹೆಂಗಸರಿಗೆ ಇಲ್ಲೇ ಒಂದು ಮಾತು. ಅದಕ್ಕೆ ಬಿಷಪರ ವಿಶೇಷ ಅನುಮತಿ ಬೇಕೆಂಬ ಹೆದರಿಕೆ ಇನ್ನೂ ಇದೆ. ಪೋಪ್ ಫ್ರಾನ್ಸಿಸ್ 2016ರ ನವೆಂಬರ್‌ನಲ್ಲಿ ಆ ಅಧಿಕಾರವನ್ನು ಎಲ್ಲ ಗುರುಗಳಿಗೂ ಕಾಯಂ ಆಗಿ ಕೊಟ್ಟಿದ್ದಾರೆ. ಇನ್ನೊಂದು, ಅಂದು ಒತ್ತಾಯ ಮಾಡಿದ ಗಂಡನೋ ಅತ್ತೆಯೋ ಇದ್ದರೆ ಅವರ ಪಾಲಿನ ಪಾಪವನ್ನೂ ಆಕೆಯೇ ಹೊರಬೇಕಾಗಿಲ್ಲ.

ಪ್ರಾಟೆಸ್ಟಂಟ್ ಸಭೆಗಳಲ್ಲಿ ದಾರಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಸಭೆಗಳಲ್ಲಿ ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಪಾಪವನ್ನು ಅರಿಕೆ ಮಾಡುತ್ತಾರೆ, ಕ್ರಿಸ್ತನೊಬ್ಬನೇ ಮಧ್ಯಸ್ಥ. ಆ ನಂಬಿಕೆ ಗಟ್ಟಿಯಾದದ್ದು. ಆದರೆ ನೂರು ಜನರ ಜೊತೆ ಓದಿದ ಪ್ರಾರ್ಥನೆಯಲ್ಲಿ ನಮ್ಮ 20,000 ರೂಪಾಯಿಯ ಮಾತು ಬರುವುದೇ ಇಲ್ಲ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಪ್ರಾರ್ಥಿಸಿರಿ ಎಂಬ ಯಾಕೋಬನ ಪತ್ರದ ಮಾತು ಅವರ ಸತ್ಯವೇದದಲ್ಲೂ ಇದೆಯಲ್ಲ. ಬಾಯಿ ಭದ್ರವಾಗಿರುವ ಸಭಾಪಾಲಕರೊಬ್ಬರನ್ನು ಆರಿಸಿಕೊಂಡು, ಬಾಗಿಲು ಮುಚ್ಚಿ, ಒಮ್ಮೆ ಗಟ್ಟಿಯಾಗಿ ಹೇಳುವುದರಿಂದ ಸಿಗುವ ಬಿಡುಗಡೆಯನ್ನು ಅವರು ಕಳೆದುಕೊಳ್ಳಬೇಕಾಗಿಲ್ಲ. ಸಾಕ್ಷಿ ಹೇಳುವ ನೆಪದಲ್ಲಿ ಇಡೀ ಸಭೆಯ ಮುಂದೆ ಮೈಕ್ ಹಿಡಿದು ಹೇಳುವುದು ಮಾತ್ರ ಅಪಾಯ. ಹೆಂಡತಿ ಮಕ್ಕಳೂ ಅಲ್ಲೇ ಕೂತಿರುತ್ತಾರೆ.

ಇನ್ನು ಕೊಡುವ ಮಾತು. ನನ್ನ ದೃಷ್ಟಿಯಲ್ಲಿ ನಮ್ಮ ಸಭೆಗಳು ಅತಿ ಹೆಚ್ಚು ಜಾರಿಕೊಂಡಿರುವುದು ಇಲ್ಲೇ. ಮೂರು ಸಲ ನಮೋ ಮರಿಯಾ ಪ್ರಾರ್ಥನೆ ಹೇಳಿದರೆ ಪ್ರಾಯಶ್ಚಿತ್ತ ಮುಗಿಯಬಹುದು, ಸಾಲ ತೀರುವುದಿಲ್ಲ. ಬೈಬಲಿನ ಯಾಜಕಕಾಂಡ 6ನೇ ಅಧ್ಯಾಯದ ಲೆಕ್ಕ ನೋಡಿ: ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಿ, ಅದರ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಅಂದರೆ 20,000ಕ್ಕೆ 24,000. ಶುಭಸಂದೇಶದ ಸುಂಕದವ ಜಕ್ಕಾಯನಂತೂ ನಾಲ್ಕು ಪಟ್ಟು ಎಂದ, ಮೇಲಾಗಿ ಆಸ್ತಿಯ ಅರ್ಧ ಬಡವರಿಗೆ. ಯೇಸು ಅವನಿಗೆ ಮೊತ್ತ ಹೇಳಿಕೊಟ್ಟಿರಲಿಲ್ಲ. ಮನೆಗೆ ಅತಿಥಿಯಾಗಿ ಬಂದರು, ಅಷ್ಟೇ. ಕ್ಷಮೆಗೆ ಬೆಲೆ ಕಟ್ಟಲು ಅವನು ಹಣ ಕೊಡಲಿಲ್ಲ, ಕ್ಷಮೆ ಸಿಕ್ಕಿದ ಮನುಷ್ಯನಿಗೆ ಆ ಹಣವನ್ನು ಮನೆಯಲ್ಲಿಟ್ಟುಕೊಳ್ಳಲಾಗಲಿಲ್ಲ. ಸೊಸೈಟಿಯ ಹಣವನ್ನು ನಾವೇ ಹೋಗಿ ಕೊಟ್ಟರೆ ಕೆಲಸಕ್ಕೂ ಮನೆಗೂ ಕುತ್ತು ಬರುವುದಾದರೆ, ಹೆಸರು ಹೇಳದೆ ಗುರುಗಳ ಕೈಯಿಂದ ತಲುಪಿಸಬಹುದು. ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ ಕೊಡಬಹುದು. ಹಣ ಕಳೆದುಕೊಂಡವರು ತೀರಿಹೋಗಿದ್ದರೆ ಅವರ ಮಕ್ಕಳಿಗೆ ಸಲ್ಲಬೇಕು. ಯಾರೂ ಇಲ್ಲದಿದ್ದರೆ ಬೈಬಲಿನ ಅರಣ್ಯಕಾಂಡದ ಪ್ರಕಾರ ಅದು ದೇವರಿಗೆ, ಇಂದಿನ ರೂಢಿಯಲ್ಲಿ ಬಡವರಿಗೆ. ಹಾಗೆಂದು, ಮಾಲೀಕರು ಎರಡು ಬೀದಿ ಆಚೆ ಬದುಕಿರುವಾಗ ಕಾಣಿಕೆ ಡಬ್ಬಿಗೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ನಾವು ಕದ್ದದ್ದಕ್ಕೆ ಬೇರೆ ಯಾರೋ ಕೆಲಸ ಕಳೆದುಕೊಂಡಿದ್ದರೆ, ಆ ಕಳಂಕ ತೊಡೆಯುವುದೂ ಸಾಲದ ಭಾಗ.

ನಮ್ಮ ಮನೆಗಳಲ್ಲಿ ಅತಿ ಸಾಮಾನ್ಯವಾದ ಹಳೆಯ ಗಾಯ ಜಮೀನಿನದು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅಣ್ಣ ಹಕ್ಕು ಬಿಡುಗಡೆ ಪತ್ರ ತಂದು, "ಖಾತೆ ಬದಲಾವಣೆಗೆ ಬೇಕು, ಇಲ್ಲೊಂದು ಸಹಿ ಹಾಕಮ್ಮ" ಎಂದ. ತಂಗಿ ಓದದೆ ಹಾಕಿದಳು. ಕ್ರೈಸ್ತರಿಗೆ ಅನ್ವಯವಾಗುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಅದು ಅಣ್ಣನಿಗೆ ಅಂದೂ ಗೊತ್ತಿತ್ತು. ಆಮೇಲೆ ಪ್ರತಿ ಕ್ರಿಸ್ಮಸ್‌ಗೆ ತಂಗಿಗೆ ರೇಷ್ಮೆ ಸೀರೆ, ಅವಳ ಮಕ್ಕಳಿಗೆ ಬಟ್ಟೆ, ಹಬ್ಬದ ತಿಂಡಿ ಕುಸ್ವಾರಿನ ದೊಡ್ಡ ಡಬ್ಬಿ. ಸೀರೆ ಕೊಟ್ಟಷ್ಟೂ ಅವನ ಮನಸ್ಸು ಭಾರವಾಗುತ್ತದೆ, ಯಾಕೆಂದರೆ ಎರಡೂ ಕಡೆಯವರಿಗೆ ಗೊತ್ತಿರುವ ಒಂದು ಮಾತನ್ನು ಸೀರೆ ಮುಚ್ಚುತ್ತಿರುತ್ತದೆ. ಇಂಥವರು ವರ್ಷಕ್ಕೆ ಹತ್ತು ಸಲ ಪಾಪನಿವೇದನೆ ಮಾಡಿದರೂ ಹಗುರಾಗುವುದಿಲ್ಲ. ದಾರಿ ಸಬ್ ರಿಜಿಸ್ಟ್ರಾರ್ ಕಚೇರಿಯ ಕಡೆಗಿದೆ. ವಕೀಲರ ಹತ್ತಿರ ಕೂತು ತಂಗಿಯ ಪಾಲಿಗೆ ದಾನಪತ್ರ ಬರೆಸಿ ನೋಂದಾಯಿಸಬೇಕು, ಜಮೀನು ಮಾರಿಯಾಗಿದ್ದರೆ ಅವಳ ಪಾಲಿನ ಹಣವನ್ನು ಇಂದಿನ ಬೆಲೆಯಲ್ಲಿ ಕೊಡಬೇಕು. ಹೆಂಡತಿ ಮಕ್ಕಳು ಸುಮ್ಮನಿರುವುದಿಲ್ಲ, ಅದಕ್ಕೆ ಮೊದಲೇ ಅವರೊಂದಿಗೆ ಮಾತಾಡಬೇಕು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿ ಹೋಗು ಎಂದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯ ಹೇಳುವಾಗ ಇಂಥ ದಾರಿಯೂ ಅದರಲ್ಲಿ ಸೇರಿದೆ.

ಮಾತಿನಿಂದ ಮಾಡಿದ ಗಾಯವನ್ನು ಮಾತಿನಿಂದಲೇ ಸರಿಪಡಿಸಬೇಕು, ಅದೂ ಅದೇ ಕಿವಿಗಳ ಮುಂದೆ. ಹತ್ತು ಜನರ ನಡುವೆ ಒಬ್ಬಳ ಶೀಲದ ಬಗ್ಗೆ ಸುಳ್ಳು ಹೇಳಿ, ಅವಳೊಬ್ಬಳ ಬಳಿ ಗುಟ್ಟಾಗಿ "ಸಾರಿ" ಎಂದರೆ ಆ ಹತ್ತು ಜನ ಇನ್ನೂ ಸುಳ್ಳನ್ನೇ ನಂಬಿಕೊಂಡಿರುತ್ತಾರೆ. ಕ್ಷಮೆ ಕೇಳುವ ಪತ್ರ ಬರೆಯುವುದಾದರೆ ಅರ್ಧ ಪುಟ ಸಾಕು. ನಾನು ಏನು ಮಾಡಿದೆ, ಅದರಿಂದ ನಿಮಗೆ ಏನಾಯಿತು, ಈಗ ಏನು ಮಾಡುತ್ತೇನೆ. "ಆದರೆ" ಎಂದು ಶುರುವಾಗುವ ವಾಕ್ಯ ಬಂದರೆ ಹೊಡೆದುಹಾಕಿ. "ನಿಮಗೆ ನೋವಾಗಿದ್ದರೆ" ಎಂಬುದನ್ನೂ ಹೊಡೆದುಹಾಕಿ, ನೋವಾಗಿದೆ ಎಂದು ಗೊತ್ತಿರುವುದರಿಂದಲೇ ಬರೆಯುತ್ತಿದ್ದೇವೆ. ಉತ್ತರ ಕೇಳಬೇಡಿ. ಕೆಲವು ಸಲ ಪತ್ರವನ್ನೇ ಬರೆಯಬಾರದು. ನಮ್ಮ ಮುಖ, ನಮ್ಮ ಹೆಸರು ಕಂಡರೇ ನಡುಗುವವರಿಗೆ ಹತ್ತಿರ ಹೋಗುವುದು ಎರಡನೇ ಪೆಟ್ಟು. ಎಂದೋ ಮುಗಿದ ಸಂಬಂಧವೊಂದನ್ನು ರಾತ್ರೋರಾತ್ರಿ ಹೆಂಡತಿಯ ಮುಂದೆ ಸುರಿದು, ತಾನು ನಿದ್ದೆ ಹೋಗಿ, ಅವಳನ್ನು ಜೀವನಪೂರ್ತಿ ಎಚ್ಚರವಾಗಿಡುವ ಗಂಡಸರೂ ಇದ್ದಾರೆ. ಹೇಳಬೇಕೇ, ಯಾವಾಗ, ಹೇಗೆ ಎಂಬುದನ್ನು ಮೊದಲು ಗುರುಗಳ ಬಳಿಯೋ ಆಪ್ತಸಮಾಲೋಚಕರ ಬಳಿಯೋ ಕೂತು ಯೋಚಿಸಬೇಕು.

ನೊಂದವರಿಗೆ "ಕ್ಷಮಿಸಿಬಿಡಮ್ಮ, ಕ್ರೈಸ್ತಳಲ್ಲವೇ ನೀನು" ಎಂದು ಒತ್ತಡ ಹಾಕುವುದನ್ನು ನಾವು ನಿಲ್ಲಿಸಬೇಕು. ದೇವರ ಕ್ಷಮೆ ಅವರ ಬಾಯಿಂದ ಬರುವ ಉತ್ತರಕ್ಕೆ ಕಾದು ಕೂತಿಲ್ಲ. ಹಾಗೆಯೇ, ಕ್ಷಮೆ ಸಿಕ್ಕಿತೆಂದು ಶಿಕ್ಷೆ ಮಾಯವಾಗುವುದೂ ಇಲ್ಲ. ಮಧ್ಯಪ್ರದೇಶದಲ್ಲಿ ಬಡ ಆದಿವಾಸಿಗಳ ಪರ ಕೆಲಸ ಮಾಡುತ್ತಿದ್ದ ಕೇರಳದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಇರಿದು ಕೊಂದವನು ಸಮಂದರ್ ಸಿಂಗ್. ರಾಣಿ ಮರಿಯಾ ಅವರ ತಂಗಿ, ತಾನೂ ಸನ್ಯಾಸಿನಿಯಾದ ಸಿಸ್ಟರ್ ಸೆಲ್ಮಿ ಪೌಲ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದ್ದು 2002ರಲ್ಲಿ. ನಡುವೆ ಏಳು ವರ್ಷ ಹೋಗಿವೆ, ಆ ಏಳು ವರ್ಷವನ್ನು ಯಾರೂ ಅವರಿಂದ ಕಿತ್ತುಕೊಳ್ಳಲಿಲ್ಲ. ರಾಖಿ ಕಟ್ಟಿದ ಮೇಲೂ ಅವನು ಜೈಲಿನಲ್ಲೇ ಇದ್ದ, ಹೊರಗೆ ಬಂದದ್ದು 2006ರಲ್ಲಿ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು, ಸಂತ ಪದವಿಯ ಹಿಂದಿನ ಮೆಟ್ಟಿಲಾದ ಪುನೀತರೆಂದು ಘೋಷಿಸಿದಾಗ ಅವನೂ ಅಲ್ಲಿದ್ದ. ಕೊಲೆ ಮಾಡಿದವನೆಂದು ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ತಲೆ ಎತ್ತಿ ಕೂರುವುದಕ್ಕೆ ಮರೆವು ನೆರವಾಗದು.

ಮರೆಯುವುದು ನಮ್ಮ ಗುರಿಯೂ ಆಗಬೇಕಿಲ್ಲ. ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನ ಕೊಲೆಗೆ ಸಮ್ಮತಿಸಿದ್ದ ಪ್ರೇಷಿತ ಪೌಲ ಧರ್ಮಸಭೆಯನ್ನು ಹಿಂಸಿಸಿದ್ದನ್ನು ಪತ್ರದಿಂದ ಪತ್ರಕ್ಕೆ ನೆನೆಯುತ್ತಾನೆ. ಆದರೆ ಕೊರಿಂಥದವರಿಗೆ ಬರೆಯುತ್ತ, ನನ್ನನ್ನು ನಾನೇ ವಿಚಾರಣೆ ಮಾಡಿಕೊಳ್ಳುವುದಿಲ್ಲ, ವಿಚಾರಿಸುವವನು ಪ್ರಭು ಎಂದೂ ಹೇಳುತ್ತಾನೆ. "ನನ್ನನ್ನು ನಾನೇ ಕ್ಷಮಿಸಿಕೊಳ್ಳಲಾಗುತ್ತಿಲ್ಲ" ಎನ್ನುವವರಿಗೆ ನಾನು ತೋರಿಸುವುದು ಈ ಜಾಗ. ನಮ್ಮನ್ನು ನಾವೇ ಕ್ಷಮಿಸಿಕೊಳ್ಳಬೇಕೆಂಬ ಕೆಲಸವನ್ನು ಶುಭಸಂದೇಶ ನಮಗೆ ವಹಿಸಿಯೇ ಇಲ್ಲ. ನ್ಯಾಯಾಧೀಶನ ಕುರ್ಚಿಯಿಂದ ಇಳಿಯಿರಿ ಎನ್ನುತ್ತದೆ ಅಷ್ಟೇ. ಹೃದಯ ನಮ್ಮನ್ನು ದೋಷಿ ಎಂದರೂ ದೇವರು ಹೃದಯಕ್ಕಿಂತ ದೊಡ್ಡವನು ಎಂದು ಯೋಹಾನನ ಮೊದಲ ಪತ್ರ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನನ್ನು ಗಮನಿಸಿ ಓದಿದವರು ಕಡಿಮೆ. ಅವನು ಪಶ್ಚಾತ್ತಾಪಪಟ್ಟ. ನಿರ್ದೋಷಿಯ ರಕ್ತಕ್ಕೆ ದ್ರೋಹ ಬಗೆದೆ ಎಂದು ಬಾಯಿಬಿಟ್ಟು ಹೇಳಿದ. ಮೂವತ್ತು ಬೆಳ್ಳಿ ನಾಣ್ಯವನ್ನೂ ಹಿಂದಿರುಗಿಸಿದ. ಇಷ್ಟು ಮಾಡಿದವರು ನಮ್ಮಲ್ಲೇ ಎಷ್ಟು ಜನ? ಆದರೆ ಅವನು ಹೋದದ್ದು ಮಹಾಯಾಜಕರ ಬಳಿಗೆ. ಅವರು "ಅದು ನಮಗೇನು, ನೀನೇ ನೋಡಿಕೋ" ಎಂದರು. ಪಾಪ ಹೇಳಿಕೊಳ್ಳಲು ಬಂದವನನ್ನು ಹಾಗೆ ಹೊರಗಟ್ಟಿದ್ದಕ್ಕೆ ಅವರೂ ಉತ್ತರ ಕೊಡಬೇಕು. ಕಾಯುತ್ತಿದ್ದ ಯೇಸುವಿನ ಬಳಿಗೆ ಹೋದದ್ದು ಇನ್ನೊಬ್ಬ ಶಿಷ್ಯ ಪೇತ್ರ. ಯೋಹಾನನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಇದ್ದಲ ಬೆಂಕಿಗೆ ಮೈ ಕಾಯಿಸುತ್ತ ನಿಂತು ಅವನು, ಯೇಸುವಿನ ಶಿಷ್ಯನಲ್ಲವೇ ಎಂದು ಕೇಳಿದವರಿಗೆ "ನಾನಲ್ಲ" ಎಂದ. 21ನೇ ಅಧ್ಯಾಯದಲ್ಲಿ ದಡದ ಮೇಲೆ ಮತ್ತೆ ಇದ್ದಲ ಬೆಂಕಿ, ಅದರ ಮೇಲೆ ಮೀನು. ಹೊಸ ಒಡಂಬಡಿಕೆಯಲ್ಲಿ ಇದ್ದಲ ಬೆಂಕಿ ಬರುವುದು ಈ ಎರಡು ಕಡೆ ಮಾತ್ರ. ಯೇಸು ಮೊದಲು ಊಟ ಮುಗಿಸಿದರು. ಆಮೇಲೆ ಮೂರು ನಿರಾಕರಣೆಗೆ ಮೂರು ಪ್ರಶ್ನೆ, ಪ್ರತಿ ಉತ್ತರಕ್ಕೂ ಕುರಿ ಕಾಯುವ ಒಂದೊಂದು ಕೆಲಸ. ಮೂರನೇ ಪ್ರಶ್ನೆಗೆ ಪೇತ್ರನಿಗೆ ನೋವಾಯಿತು ಎಂದು ಬರೆದಿದೆ. ಆ ನೋವನ್ನು ಯೇಸು ತಪ್ಪಿಸಲಿಲ್ಲ, ನಾಲ್ಕನೇ ಸಲ ಕೇಳಲೂ ಇಲ್ಲ.

ನಾಲ್ಕನೇ ಸಲ ಕೇಳುವವರು ನಾವು. ಹೇಳಿಯಾಗಿದೆ, ಕೊಟ್ಟಾಗಿದೆ, ಆದರೂ ಸರಿಯಾಗಿ ಹೇಳಿದೆನೋ ಇಲ್ಲವೋ, ಪಶ್ಚಾತ್ತಾಪ ಸಾಕಷ್ಟಿತ್ತೋ ಇಲ್ಲವೋ ಎಂದು ಅದೇ ಪಾಪವನ್ನು ಮತ್ತೆ ಹೊತ್ತು ತರುತ್ತೇವೆ. ಮುಂದೆ ಕಥೋಲಿಕರಲ್ಲಿ ಯೇಸುಸಭೆ ಸ್ಥಾಪಿಸಿದ ಲೊಯೋಲಾದ ಇಗ್ನಾಸಿಯವರಿಗೆ ಇದೇ ಕಾಡಿತ್ತು. 1522ರಲ್ಲಿ ಸ್ಪೇನಿನ ಮೊಂತ್ಸೆರಾತ್‌ನಲ್ಲಿ ಮೂರು ದಿನ ಬರೆದು ಜೀವಮಾನದ ಪಾಪನಿವೇದನೆ ಮಾಡಿದರು. ಮನ್ರೇಸಾಕ್ಕೆ ಹೋದ ಮೇಲೆ ಏನೋ ಬಿಟ್ಟುಹೋಯಿತೆಂಬ ಸಂಶಯ ಅವರನ್ನು ಸಾಯುವ ಯೋಚನೆಯವರೆಗೆ ಎಳೆಯಿತು. ವಾರವಿಡೀ ಅನ್ನ ಮುಟ್ಟಲಿಲ್ಲ, ಗುರುಗಳೇ ಉಪವಾಸ ಬಿಡಿಸಬೇಕಾಯಿತು. ಕೊನೆಗೆ ಹಳೆಯ ಪಾಪಗಳನ್ನು ಇನ್ನೆಂದೂ ನಿವೇದಿಸುವುದಿಲ್ಲವೆಂದು ತೀರ್ಮಾನಿಸಿದ ದಿನ ಬಿಡುಗಡೆ ಸಿಕ್ಕಿತು. ಅದಕ್ಕೆ ಕೆಲವು ವರ್ಷ ಮೊದಲು ಜರ್ಮನಿಯಲ್ಲಿ, ಆಮೇಲೆ ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ತಮ್ಮ ಗುರು ಸ್ಟೌಪಿಟ್ಸ್ ಬಳಿ ಗಂಟೆಗಟ್ಟಲೆ ನಿವೇದಿಸಿ ಅವರನ್ನೇ ದಣಿಸುತ್ತಿದ್ದರು. ಮುಂದೆ ಎದುರುಬದುರಾದ ಎರಡು ಪಂಗಡಗಳ ಮುಂದಾಳುಗಳಿಬ್ಬರೂ ಒಂದೇ ಕಾಯಿಲೆ ಉಂಡವರು.

ಇದಕ್ಕೆ ಹಳೆಯ ಗುರುಗಳು ಹೇಳುತ್ತ ಬಂದ ಪಥ್ಯ ಕಠಿಣ, ಆದರೆ ಕೆಲಸ ಮಾಡುತ್ತದೆ. ಒಬ್ಬರೇ ಗುರುವಿನ ಬಳಿ ಹೋಗಿ, ಊರೂರು ಸುತ್ತಿ ಅಭಿಪ್ರಾಯ ಕೇಳಬೇಡಿ. ಜೀವಮಾನದ ನಿವೇದನೆಯನ್ನು ಅವರು ಒಪ್ಪಿದರೆ ಒಮ್ಮೆ ಮಾತ್ರ ಮಾಡಿ. ಆಮೇಲೆ ಹಳೆಯದು ನೆನಪಾದಾಗ, ಅದು ಗಂಭೀರ ಪಾಪ, ಅದನ್ನು ನಾನು ಎಂದೂ ಹೇಳಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲಿರಾದರೆ ಮಾತ್ರ ಹೇಳಿ. "ಇರಬಹುದೇನೋ" ಎಂದಾದರೆ ಸುಮ್ಮನಿರಿ. ರಾತ್ರಿ ಎರಡು ಗಂಟೆಗೆ ನೆನಪು ಬಂದು ಕೂತಾಗ ತನಿಖೆ ಶುರುಮಾಡಬೇಡಿ. 32ನೇ ಕೀರ್ತನೆಯನ್ನು ಮೆಲ್ಲಗೆ ಒಮ್ಮೆ ಓದಿ ಮಲಗಿ, ಮೂಳೆಗಳೇ ಸವೆದವು ಎಂದು ಅಲ್ಲೂ ಒಬ್ಬ ನರಳಿದ್ದಾನೆ.

ಇಷ್ಟಾದರೂ ದಿನಕ್ಕೆ ಒಂದೆರಡು ಗಂಟೆ ಇದೇ ಯೋಚನೆಯಲ್ಲಿ ಕಳೆಯುತ್ತಿದ್ದರೆ, ಪ್ರಾರ್ಥನೆಯ ಒಂದು ಪದ ತಪ್ಪಿತೆಂದು ಮೊದಲಿನಿಂದ ಶುರುಮಾಡುತ್ತಿದ್ದರೆ, "ನನಗೆ ಕ್ಷಮೆ ಸಿಕ್ಕಿದೆ ತಾನೇ?" ಎಂದು ಮನೆಯವರನ್ನು ದಿನಾ ಕೇಳುತ್ತಿದ್ದರೆ, ಅದು ಗೀಳು ಕಾಯಿಲೆಯ ಒಂದು ರೂಪ ಇರಬಹುದು. ಒಸಿಡಿ ಎನ್ನುತ್ತಾರೆ. ಅದಕ್ಕೆ ಔಷಧಿಯೂ ಇದೆ, ಯೋಚನೆ ಬಂದಾಗ ಪ್ರತಿಕ್ರಿಯೆ ತೋರದೆ ಇರಲು ಕಲಿಸುವ ಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಸಾಯುವ ಯೋಚನೆ ಬಂದವರಂತೂ ತಡಮಾಡದೆ ಮಾಡಬೇಕು. ಮನೆಯವರು ಪ್ರೀತಿಯಿಂದಲೇ "ಸಿಕ್ಕಿದೆ, ಸಿಕ್ಕಿದೆ" ಎಂದು ಹತ್ತು ಸಲ ಉತ್ತರಿಸುತ್ತಾರೆ, ಅದರಿಂದ ಗೀಳು ಬೆಳೆಯುತ್ತದೆ. "ಒಮ್ಮೆ ಹೇಳಿದ್ದೇನೆ, ಬಾ ಊಟಕ್ಕೆ" ಎನ್ನುವುದು ಮೇಲು. ಗುರುಗಳಿಗೂ ಡಾಕ್ಟರಿಗೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ತಿಳಿಸಿಬಿಡಿ. ಗೀಳಿನವರಿಗೆ ಎಷ್ಟು ದಿನಕ್ಕೊಮ್ಮೆ ಪಾಪನಿವೇದನೆ ಸಾಕು ಎಂಬುದನ್ನು ಗುರುಗಳೇ ಗೊತ್ತುಮಾಡಿ, ನಡುವೆ ಬಂದರೆ ಕೇಳುವುದಿಲ್ಲವೆಂದು ಖಂಡಿತವಾಗಿ ಹೇಳಿ ಕಳಿಸುವುದುಂಟು. ಅದನ್ನು ಕಠೋರವೆಂದು ತಿಳಿದು ಬೇರೆ ಗುರುಗಳನ್ನು ಹುಡುಕಬೇಡಿ.